ಧ್ವಜದ ಕಂಬಕ್ಕೆ ಬಿದ್ದ ಮಾಲೆ

...ಅಥವಾ ಮಾಲೆ ಮಲ್ಲಿಗೆಯದಾಗಿರಲಿಲ್ಲವೇನೋ. ಹಡಗಲಿಯಿಂದ ಬಸ್ಸಿನಲ್ಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿಸಿಕೊಂಡು ಬಂದ ಮಲ್ಲಿಗೆ ಎಂದೇ ನನ್ನ ನೆನಪು ಹಟ ಹಿಡಿಯುತ್ತದೆ. ಆದರೆ ಡಿಸೆಂಬರಿನ ಚಳಿಯಲ್ಲಿ ಅಷ್ಟು ಮಲ್ಲಿಗೆ ಯಾವ ತೋಟದಲ್ಲಿ ಬಿಟ್ಟಿತ್ತು? ಸೇವಂತಿಗೆಯೇ ಇದ್ದೀತು. ನೆನಪಿಗೆ ಪರಿಮಳ ಬೇಕಾಗಿತ್ತು, ತಂದುಕೊಂಡಿತು. ಮಿತ್ರರೇ, ಮುಂದಿನದನ್ನೂ ಇದೇ ಅನುಮಾನದಿಂದ ಓದಿ.

ಕಾನಹೊಸಹಳ್ಳಿಯಾಚೆಯ ಒಂದು ಹಳ್ಳಿಗೆ ನಾನು ಮಾಸ್ತರನಾಗಿ ಹೋದ ಹೊಸತು. ಎಪ್ಪತ್ತೊಂದರ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಡಿಸೆಂಬರ್ ಏಳು, ಧ್ವಜ ದಿನ. ಸ್ವಾತಂತ್ರ್ಯ ಬಂದ ಎರಡು ವರ್ಷಕ್ಕೆ ದಿಲ್ಲಿಯ ಸಮಿತಿಯೊಂದು ಸೈನಿಕರಿಗಾಗಿ, ಮಡಿದವರ ಮನೆಯವರಿಗಾಗಿ ಈ ದಿನವನ್ನು ಗೊತ್ತುಮಾಡಿತೆಂದು ಹೇಳಿ, ಮಕ್ಕಳ ಅಂಗಿಗೆ ಕಾಗದದ ಬಾವುಟ ಚುಚ್ಚಿದರೆ ನಮ್ಮ ಕೆಲಸ ಮುಗಿಯುತ್ತಿತ್ತು. ಆ ವರ್ಷ ಹೆಡ್ಮಾಸ್ತರರಿಗೆ ಊರಿನದೇ ಸೈನಿಕ ಬೇಕೆನಿಸಿತು. ಇದ್ದ, ಬಸಪ್ಪ, ಯುದ್ಧದಲ್ಲಿ ಕಾಣೆಯಾದವನು. ಸತ್ತನೆಂದು ಯಾರೂ ಹೇಳಿರಲಿಲ್ಲ. ಅವನ ತಮ್ಮ ತಂದುಕೊಟ್ಟ ಫೋಟೊವನ್ನು ಕುರ್ಚಿಯ ಮೇಲಿಟ್ಟು ಹೆಡ್ಮಾಸ್ತರರು ಮಾಲೆ ಎತ್ತುವಷ್ಟರಲ್ಲಿ, ಸುದ್ದಿ ತಿಳಿದ ಬಸಪ್ಪನ ಹೆಂಡತಿ ಹನುಮವ್ವ ಹೊಲದಿಂದ ನೆಟ್ಟಗೆ ಬಂದಳು.

"ಮಾಲಿ ಹಾಕಬ್ಯಾಡ್ರಿ ಸಾರ್. ನೀವು ಹಾಕಿದ್ರ ಸಂಜಿಗೆ ನನ್ನ ಕೈಯಾಗಿನ ಬಳಿ ಒಡಸ್ತಾರ."

"ಗೌರವ ಮಾಡಾಕ ಹತ್ತೀವಿ, ಹನುಮವ್ವಾ."

"ಆ ಗೌರವ ನಿಮ್ಮ ಕೊಳ್ಳಾಗ ಹಾಕ್ಯಳ್ರಿ. ನಾಳಿ ನಮ್ಮ ಮನಿಯಾವ ಬಂದ್ರ, ನಾನು ಏನಂತ ಮಾರಿ ತೋರಿಸ್ಲಿ?"

"ಹಾಕ್ಯಳ್ರಿ ಸಾರ್, ನಿಮಗ ಚಂದ ಒಪ್ಪತೈತಿ," ಎಂದು ಹಿಂದಿನಿಂದ ಯಾರೋ ಕೂಗಿದರು. ನಗು ಎದ್ದಿತು, ಅವಳು ನಗಲಿಲ್ಲ. ಮಾಲೆ ಬಿದ್ದ ಚಿತ್ರವೆಂದರೆ ಸತ್ತವನ ಚಿತ್ರ. ಆಮೇಲೆ ಅವಳ ಹಣೆಯಲ್ಲಿ ಕುಂಕುಮವನ್ನು ಊರು ಉಳಿಸುತ್ತಿರಲಿಲ್ಲ. ಎತ್ತಿದ ಮಾಲೆಯನ್ನು ಕೆಳಗಿಡಲೂ ಆಗದೆ ಹೆಡ್ಮಾಸ್ತರರು ಎದುರಿಗಿದ್ದ ಧ್ವಜದ ಕಂಬಕ್ಕೆ ಸುತ್ತಿಬಿಟ್ಟರು. ಹನುಮವ್ವ ಫೋಟೊವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಮರುವರ್ಷವೂ ಮಾಲೆ ಕಂಬಕ್ಕೇ ಹೋಯಿತು. ನೋಡಿದ ಸುತ್ತಲಿನ ಶಾಲೆಗಳೂ ಹಾಗೆಯೇ ಮಾಡಿದವು. ಎಂಬತ್ತರ ನಂತರ ನಾನು ಹರಪನಹಳ್ಳಿಗೆ ವರ್ಗವಾದಾಗ, ಕೊಟ್ಟೂರಿನ ಕಡೆಯ ಮಾಸ್ತರರೊಬ್ಬರು ನನಗೇ ತಿಳಿಹೇಳಿದರು: "ಕಂಬಕ್ಕ ಮಾಲಿ ಹಾಕಬೇಕ್ರಿ. ದಿಲ್ಲಿಯಾಗ ಮೊದಲಿಂದ್ಲೂ ಹಂಗ ಐತಿ." ನಾನು ತಿದ್ದಲಿಲ್ಲ. ಹನುಮವ್ವನನ್ನು ಕಂಡ ಮೇಲೆ, ದೇಶದ ದಿನಗಳೆಲ್ಲ ದಿಲ್ಲಿಯ ಠರಾವಿನಿಂದಲೇ ಹುಟ್ಟುತ್ತವೆಂದು ಹೇಳುವ ಧೈರ್ಯ ನನಗೆ ಉಳಿದಿರಲಿಲ್ಲ.

ಹನುಮವ್ವನನ್ನು ಕಡೆಯ ಸಲ ಕಂಡದ್ದು ಹಗರಿಬೊಮ್ಮನಹಳ್ಳಿಯ ರೈಲು ನಿಲ್ದಾಣದಲ್ಲಿ. ತಲೆ ಅಲ್ಲಲ್ಲಿ ನರೆತಿತ್ತು. ಎರಡೂ ಕೈತುಂಬ ಹಸಿರು ಬಳೆ. ಅವನು ಬದುಕಿದ್ದಾನೆಂದು ನಂಬಿದ್ದಳೋ, ಇಲ್ಲವೆಂದು ಎಂದೋ ತಿಳಿದುಕೊಂಡು ಯಾರಿಗೂ ಹೇಳದೆ ಇದ್ದಳೋ, ನನಗೆ ಗೊತ್ತಿಲ್ಲ.