ಹದಿನಾರು ಪುಟದ ಟೆಲಿಫೋನ್ ಕಂಪನಿ

ನಾನು ಇತಿಹಾಸಕಾರ್ತಿಯಾಗಿದ್ದು 2013ರಲ್ಲಿ, ಸುಮಾರು ನಾಲ್ಕು ತಿಂಗಳ ಮಟ್ಟಿಗೆ. ಅದಕ್ಕೆ ಮುಂಚೆ ಟೆಲಿಕಾಂ ಎಂಜಿನಿಯರ್ ಆಗಿದ್ದೆ, ಆಮೇಲೂ ಅದೇ ಆದೆ. ಬರೆದ ಕೃತಿ ಒಂದೇ, ಹದಿನಾರು ಪುಟದ್ದು, ಇಂಗ್ಲಿಷಿನಲ್ಲಿ. ಓದಿದವರೆಲ್ಲ ಚೆನ್ನಾಗಿದೆ ಅಂದರು. ಈಗಲೂ ಯಾರಾದರೂ ಅದನ್ನು ಹೊಗಳಿದರೆ ಮಾತು ಬದಲಾಯಿಸುತ್ತೇನೆ.

ಸ್ಯಾನ್ ಡಿಯಾಗೋ ಅಂದರೆ ನಮ್ಮವರಿಗೆ ಸಮುದ್ರ, ಮತ್ತೆ ಮೃಗಾಲಯ. ಊರಿನಿಂದ ಪೂರ್ವಕ್ಕೆ ಒಂದು ಗಂಟೆ ಡ್ರೈವ್ ಮಾಡಿದರೆ ಅದೇ ಕೌಂಟಿಯಲ್ಲಿ ಬೋಳು ಬೆಟ್ಟ, ಒಣ ಹುಲ್ಲು, ದನ. ಅಲ್ಲೊಂದು ಟೆಲಿಫೋನ್ ಕಂಪನಿ ಇತ್ತು. ಆಸ್ತಿ ಅಂದರೆ ಒಂದು ತಗಡಿನ ಕಟ್ಟಡ, ಎರಡು ಟ್ರಕ್ಕು, ಕೆಲವು ನೂರು ಲೈನುಗಳು ಮತ್ತು ಗಿರಾಕಿ ಬಂದರೂ ಏಳದ ಒಂದು ನಾಯಿ. ಸಂಸ್ಥಾಪಕರು ದನದ ಬೇಲಿಯ ಮುಳ್ಳುತಂತಿಯನ್ನೇ ಟೆಲಿಫೋನ್ ತಂತಿ ಮಾಡಿಕೊಂಡು ನಾಲ್ಕು ಮನೆಗಳನ್ನು ಸೇರಿಸಿದ್ದರಂತೆ. ದನ ಬೇಲಿಗೆ ಮೈ ಉಜ್ಜಿದರೆ ಮಾತು ಕೆಡುತ್ತಿತ್ತಂತೆ. ನಾನು ಹೋಗುವ ಹೊತ್ತಿಗೆ ಕಂಪನಿ ಅವರ ಇಬ್ಬರು ಗಂಡುಮಕ್ಕಳ ಕೈಯಲ್ಲಿತ್ತು. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಅಕ್ಟೋಬರಿನಲ್ಲಿ ಕಂಪನಿಯನ್ನು ದೊಡ್ಡ ಕಂಪನಿಯೊಂದಕ್ಕೆ ಮಾರುವುದೆಂದು ಆಗಿತ್ತು. ಅದಕ್ಕೆ ಮುಂಚೆ ಹಳೇ ಎಕ್ಸ್‌ಚೇಂಜ್ ತೆಗೆದು ಹೊಸದನ್ನು ಹಾಕುವ ಕೆಲಸ ಅಲ್ಲಿಂದ ಮೂರು ಗಂಟೆ ದೂರದ ಎಲ್ ಸೆಗುಂಡೋದ ನಮ್ಮ ಆಫೀಸಿಗೆ ಬಂತು. ಆಫೀಸಿನಲ್ಲಿ ಉಳಿದವರೆಲ್ಲ ಉಪಗ್ರಹಗಳಲ್ಲಿ ಬಿಜಿ ಇದ್ದರು. ದನದ ಬೇಲಿ ನನ್ನ ಪಾಲಿಗೆ ಬಂತು.

ಒಂದು ಬುಧವಾರ ಆ ಅಣ್ಣತಮ್ಮಂದಿರು ನನ್ನನ್ನು ಕೂರಿಸಿಕೊಂಡು, ಮಾರುವ ಮೊದಲು ಕಂಪನಿಯದೊಂದು ಇತಿಹಾಸ ಬರೆಸಬೇಕೆಂದಿದ್ದೇವೆ, ನಿಮ್ಮ ರಿಪೋರ್ಟುಗಳು ಓದುವ ಹಾಗಿರುತ್ತವೆ, ನೀವೇ ಬರೆಯಿರಿ ಅಂದರು. ಬೇರೆ ಯಾರಾದರೂ ಆಗಿದ್ದರೆ ಹಿಂಜರಿಯುತ್ತಿದ್ದರೇನೋ. ನಾನು ನಮ್ಮ ಕನ್ನಡ ಕೂಟದ ಯುಗಾದಿ ಸ್ಮರಣ ಸಂಚಿಕೆಯನ್ನು ಎರಡು ವರ್ಷ ಸಂಪಾದಿಸಿದವಳು. ಯಾರ ಫೋಟೋವೂ ಯಾರ ಫೋಟೋಗಿಂತಲೂ ದೊಡ್ಡದಿರಬಾರದು, ಹಾಲಿ ಅಧ್ಯಕ್ಷರು ‘ಕ್ರಿಯಾಶೀಲ’ರಾದರೆ ಮಾಜಿ ಅಧ್ಯಕ್ಷರು ‘ದೂರದೃಷ್ಟಿ’ಯವರಾಗಬೇಕು, ಇದೆಲ್ಲ ನನಗೆ ಕರತಲಾಮಲಕ. ಒಪ್ಪಿಕೊಂಡೆ.

ಆದರೆ ಇತಿಹಾಸ ಕೇಳಹೋದರೆ ಆ ಇಬ್ಬರಿಗೂ ಟ್ರಕ್ಕುಗಳ ಹೊರತು ಏನೂ ನೆನಪಿರಲಿಲ್ಲ. ಯಾವ ವರ್ಷ ಯಾವ ಟ್ರಕ್ಕು ತಗೊಂಡರು, ಅದು ಎಲ್ಲಿ ಕೆಟ್ಟಿತು ಅನ್ನುವುದನ್ನು ಒಂದು ಗಂಟೆ ಹೇಳಿದರು. ಉಳಿದದ್ದಕ್ಕೆ, “ನಮ್ಮ ಅಕ್ಕನ್ನ ಕೇಳಿ,” ಅಂದರು.

ಅಕ್ಕನಿಗೆ ಎಂಬತ್ತು. ಮದುವೆಯಾಗಿರಲಿಲ್ಲ. ಎದುರಿಗೆ ಹೆಸರು ಹಿಡಿದೇ ಕರೆಯಬೇಕಿತ್ತು, ಅಲ್ಲಿನ ಮರ್ಯಾದೆ ಅದು. ನಾನು ಮನಸ್ಸಿನಲ್ಲಿ ಅಜ್ಜಿ ಅಂತಿದ್ದೆ. ಅಜ್ಜಿ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಫೋನ್ ಮಾಡುತ್ತಿದ್ದರು. ಆ ಹೊತ್ತಿಗೆ ನಾನು ಪೋರ್ಟರ್ ರ್ಯಾಂಚ್‌ನ ಮನೆಯಿಂದ ಹೊರಟು 405 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿರುತ್ತಿದ್ದೆ. ಅವರು ಸ್ಪೀಕರಿನಲ್ಲಿ ಮಾತಾಡುತ್ತಿದ್ದರು, ನಾನು ಬ್ರೇಕ್ ಒತ್ತುತ್ತ ಕೇಳುತ್ತಿದ್ದೆ.

ಹದಿನಾಲ್ಕನೇ ವಯಸ್ಸಿಗೆ ಅವರನ್ನು ಮನೆಯ ಮುಂದಿನ ಕೋಣೆಯ ಸ್ವಿಚ್‌ಬೋರ್ಡಿನ ಮುಂದೆ ಕೂರಿಸಿದ್ದರು. ಆ ಕಣಿವೆಯಲ್ಲಿ ಯಾರು ಯಾರೊಡನೆ ಮಾತಾಡಬೇಕಾದರೂ ಇವರು ಪಿನ್ನು ಚುಚ್ಚಿ ಸೇರಿಸಬೇಕು. ಊರಿಗೆ ಡಯಲ್ ಫೋನ್ ಬರುವ ತನಕ ಎದ್ದೇಳಲಿಲ್ಲ, ಬಂದ ಮೇಲೆ ಬಿಲ್ಲು, ದೂರು, ನಕ್ಷೆ ಎಲ್ಲ ಇವರದೇ ಆಯಿತು. ಒಂದು ಸೆಪ್ಟೆಂಬರಿನ ಮಧ್ಯಾಹ್ನ ಗುಡ್ಡಕ್ಕೆ ಬೆಂಕಿ ಬಿತ್ತಂತೆ. ಆಗ ಇವರಿಗೆ ಹತ್ತೊಂಬತ್ತು. ತಂದೆ ತಮ್ಮಂದಿರನ್ನು ಟ್ರಕ್ಕಿಗೆ ಹತ್ತಿಸಿಕೊಂಡು ಊರು ಬಿಟ್ಟು ಹೊರಟರು. ಇವರು ಬೋರ್ಡಿನ ಮುಂದೆಯೇ ಕೂತು ಒಂದೊಂದೇ ಮನೆಗೆ ರಿಂಗ್ ಮಾಡಿ, “ಹೊರಡಿ, ದಕ್ಷಿಣದ ರಸ್ತೆ ಹಿಡಿಯಿರಿ,” ಅಂದರು. ಕೊನೇ ಮನೆಯವರು ದನ ಅಟ್ಟಲು ಹೋಗಿದ್ದರು, ಫೋನ್ ಎತ್ತಲಿಲ್ಲ. ಎತ್ತುವ ತನಕ ರಿಂಗ್ ಮಾಡಿದರು. “ಕಿಟಕಿ ಪೇಂಟು ಗುಳ್ಳೆ ಏಳ್ತಿತ್ತು,” ಅಂದರು ಅಜ್ಜಿ, ಹಾಲು ಉಕ್ಕಿತು ಅನ್ನುವ ಧಾಟಿಯಲ್ಲಿ.

ಎಕ್ಸ್‌ಚೇಂಜ್ ಕೆಲಸವೂ ಅವರಿಂದಲೇ ನಡೆಯಿತು ಅನ್ನಬೇಕು. ಕಂಪನಿಯ ನಕ್ಷೆಯಲ್ಲಿ ರಸ್ತೆಯ ಪಕ್ಕ ತೋರಿಸಿದ್ದ ಕೇಬಲ್ ನಿಜವಾಗಿ ಯಾರದೋ ಬಾವಿಯ ಹಿಂದೆ ಹೋಗಿರುತ್ತಿತ್ತು. ಅಜ್ಜಿ ಫೋನಿನಲ್ಲೇ ಹೇಳುತ್ತಿದ್ದರು, ನಾವು ಅಲ್ಲಿ ಅಗೆದರೆ ಸಿಗುತ್ತಿತ್ತು. ನಮ್ಮ ಆಫೀಸಿನವರು ನನ್ನನ್ನು ಮೆಚ್ಚಿಕೊಂಡರು. ನಾನು ಥ್ಯಾಂಕ್ಸ್ ಅಂದೆ.

ಒಂದು ಬೆಳಿಗ್ಗೆ ಅಜ್ಜಿ, “ಬಾಗಿಲ ಮೇಲಿನ ಬೋರ್ಡ್ ಇಳಿಸ್ತಾರೆ. ಬಿಲ್ಲಿನ ಮೇಲೆ ಬೇರೆ ಹೆಸರು ಬರುತ್ತೆ. ನಾವು ಇಲ್ಲಿದ್ವಿ ಅನ್ನೋದಕ್ಕೆ ಉಳಿಯೋದು ನೀನು ಬರೀತಿರೋದಷ್ಟೇ,” ಅಂದರು. ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ಆಮೇಲೆ ನನಗೆ ಅರ್ಥವಾಗಲಿಲ್ಲ ಅನ್ನುವ ನೆಪ ಉಳಿದಿಲ್ಲ.

ಮೊದಲ ಕರಡಿನಲ್ಲಿ ಅವರ ಬಗ್ಗೆ ನಾಲ್ಕು ಪುಟ ಇತ್ತು. ನಾನು ಬರೆದದ್ದರಲ್ಲಿ ಜೀವ ಇದ್ದದ್ದು ಆ ನಾಲ್ಕೇ ಪುಟಕ್ಕೆ. ತಮ್ಮಂದಿರಲ್ಲಿ ಹಿರಿಯವರು ಓದಿ, ಕನ್ನಡಕ ತೆಗೆದು, “ಅವಳಿಗೆ ಇದೆಲ್ಲ ಇಷ್ಟ ಆಗಲ್ಲ. ಬೇಕಾದ್ರೆ ಕೇಳಿ ನೋಡಿ,” ಅಂದರು. ಬೆಂಕಿಯ ದಿನ ತಾವು ಟ್ರಕ್ಕಿನಲ್ಲಿದ್ದದ್ದು ಅಚ್ಚಾಗುವುದು ಅವರಿಗೆ ಇಷ್ಟವಿಲ್ಲ ಎಂದು ನನಗೆ ಗೊತ್ತಾಯಿತು. ಆದರೂ ಮಾರನೇ ದಿನ ಅಜ್ಜಿಯನ್ನು ಕೇಳಿದೆ. ಪುಸ್ತಕದಲ್ಲಿ ನಿಮ್ಮ ಬಗ್ಗೆ ಹಾಕಲೇ?

ಅವರು, “ನಂದೇನಿದೆ ಅದರಲ್ಲಿ? ಬೇಡ ಬಿಡು,” ಅಂದರು.

“ಓಕೆ,” ಅಂದೆ.

ಇಲ್ಲಿ ನಮ್ಮ ಕಡೆಯ ಉಪಚಾರದ ವಿಷಯ ಹೇಳಬೇಕು. ಬೆಂಗಳೂರಿನ ನಮ್ಮ ಮನೆಯಲ್ಲಿ ಬಂದವರು ಕಾಫಿ ಬೇಡ ಅಂದರೆ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಎರಡನೇ ಬೇಡಕ್ಕೆ ಲೋಟ ತೊಳೆಯುತ್ತಿದ್ದರು, ಮೂರನೆಯದಕ್ಕೆ ಕಾಫಿ ಎದುರಿಗಿರುತ್ತಿತ್ತು. ಅಮೆರಿಕಕ್ಕೆ ಬಂದ ಹೊಸದರಲ್ಲಿ ನಾನೂ ಹಾಗೇ ಮಾಡಿ, ಸಾಕು ಸಾಕು ಅಂತಿದ್ದ ಸಹೋದ್ಯೋಗಿಯ ತಟ್ಟೆಗೆ ಮೂರು ಸಲ ಬಿಸಿಬೇಳೆ ಭಾತ್ ಬಡಿಸಿದೆ, ಆತ ಕಣ್ಣಲ್ಲಿ ನೀರು ತಂದುಕೊಂಡು ತಿಂದ. ಆಮೇಲೆ ಗಂಡ ಕೂರಿಸಿಕೊಂಡು ಬುದ್ಧಿ ಹೇಳಿದರು. ಇವರು ಬೇಡ ಅಂದರೆ ಬೇಡ ಅಂತಲೇ ಅರ್ಥ. ಹೊಸ ದೇಶದಲ್ಲಿ ನಾನು ಶ್ರದ್ಧೆಯಿಂದ ಕಲಿತ ಪಾಠ ಅದು. ನಮ್ಮ ಮನೆಗೆ ಬಂದ ನಮ್ಮವರಿಗೂ ಒಂದೇ ಸಲ ಕೇಳುವಷ್ಟು ಪಳಗಿದ್ದೆ. ಅವರು ಹಸಿದು ಹೋಗುತ್ತಿದ್ದರು.

ಪಾಠ ಮಾತ್ರವಾಗಿದ್ದರೆ ಕ್ಷಮಿಸಬಹುದಿತ್ತು. ನಿಜ ಹೇಳಬೇಕೆಂದರೆ ಆ ಒಂದು ಬೇಡದಿಂದ ನನಗೆ ಹಾಯೆನಿಸಿತು. ತಮ್ಮಂದಿರ ಜೊತೆ ಜಗಳ ತಪ್ಪಿತು. ನಾಲ್ಕು ಪುಟ ತೆಗೆದು, ಸ್ಮರಣ ಸಂಚಿಕೆಯಲ್ಲಿ ಅಡುಗೆ ಮಾಡಿದವರಿಗೆ ಬರೆಯುತ್ತಿದ್ದ ಸಾಲನ್ನೇ ತಿದ್ದಿ ಹಾಕಿದೆ: ‘ಸ್ವಿಚ್‌ಬೋರ್ಡ್ ನಿರ್ವಹಣೆಯಲ್ಲಿ ಕುಟುಂಬದ ಮಹಿಳೆಯರೂ ಸಹಕರಿಸಿದರು.’ ಖಾಲಿಯಾದ ಜಾಗಕ್ಕೆ ಟ್ರಕ್ಕುಗಳು ಬಂದವು. ಅಜ್ಜಿಗೆ ಕರಡು ಕಳಿಸಲಿಲ್ಲ. ಬಿಡುಗಡೆಯ ದಿನ ಸರ್‌ಪ್ರೈಸ್ ಆಗಿರಲಿ ಎಂದು ನನಗೆ ನಾನೇ ಹೇಳಿಕೊಂಡೆ.

ಬಿಡುಗಡೆ ಆ ಊರಿನ ಫೈರ್ ಸ್ಟೇಷನ್ನಿನ ಹಾಲಿನಲ್ಲಿ, ಒಂದು ಶನಿವಾರ ಮಧ್ಯಾಹ್ನ. ನಾನು ಹಿಂದಿನ ವಾರವೇ ನಮ್ಮವರ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಹೋಗಿ ಮೈಸೂರುಪಾಕು ಮತ್ತು ಎರಡು ಜರಿ ಶಾಲು ತಂದಿದ್ದೆ. ನಮ್ಮಲ್ಲಿ ಹಿರಿಯರನ್ನು ಹೀಗೆ ಸನ್ಮಾನಿಸುತ್ತೇವೆ ಎಂದು ನಾಲ್ಕು ಮಾತಾಡಿ ಇಬ್ಬರಿಗೂ ಹೊದಿಸಿದೆ. ಚಪ್ಪಾಳೆ ಬಿತ್ತು. ಆ ಸೆಕೆಯಲ್ಲಿ ಇಬ್ಬರೂ ಮಧ್ಯಾಹ್ನವಿಡೀ ಶಾಲು ತೆಗೆಯಲಿಲ್ಲ. ಮೂರು ಶಾಲು ತರಬೇಕೆಂದು ಅಂಗಡಿಯಲ್ಲಿ ನನಗೆ ಹೊಳೆದೇ ಇರಲಿಲ್ಲ.

ಅಜ್ಜಿ ಕೊನೇ ಸಾಲಿನಲ್ಲಿ ಕೂತಿದ್ದರು. ಹೊಸ ಬ್ಲೌಸು ಹಾಕಿಕೊಂಡು, ಕೂದಲು ಸೆಟ್ ಮಾಡಿಸಿಕೊಂಡು ಬಂದಿದ್ದರು. ಪುಸ್ತಕವನ್ನು ಮೊದಲ ಪುಟದಿಂದ, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರು. ನಾನು ಹತ್ತಿರ ಹೋಗುವ ಹೊತ್ತಿಗೆ ಹದಿನಾರನೆಯದು ಮುಗಿದಿತ್ತು. ಪುಟ ಏನಾದರೂ ಅಂಟಿಕೊಂಡಿದೆಯೇ ಎಂದು ಮೂಲೆಯನ್ನು ಉಜ್ಜಿ ನೋಡುತ್ತಿದ್ದರು. ನನ್ನನ್ನು ಕಂಡು, “ಫೋಟೋ ಚೆನ್ನಾಗಿ ಬಂದಿವೆ,” ಅಂದರು. ಪಕ್ಕದಲ್ಲಿ ಕೂತೆ.

ಅಷ್ಟರಲ್ಲಿ ಟೋಪಿ ಕೈಯಲ್ಲಿ ಹಿಡಿದ ಒಬ್ಬ ವಯಸ್ಸಾದ ರೈತ ಬಂದ. ಬೆಂಕಿಯ ದಿನ ರಿಂಗ್ ಮಾಡಿದ ಕೊನೇ ಮನೆ ಅವನ ತಂದೆಯದಂತೆ. ಪುಸ್ತಕ ತಿರುವಿ ತಿರುವಿ ನೋಡಿದ್ದ.

“ನೀವೇ ಬರೆದದ್ದಂತಲ್ಲ,” ಅಂದ ನನಗೆ. “ಬೆಂಕಿಯ ದಿನದ್ದು ಯಾವ ಪುಟದಲ್ಲಿದೆ? ನನಗೆ ಸಿಗ್ತಿಲ್ಲ. ಮೊಮ್ಮಕ್ಕಳಿಗೆ ತೋರಿಸಬೇಕಿತ್ತು.”

ಜಾಗ ಸಾಲದೆ ಅಂತಲೋ ಏನೋ ಶುರು ಮಾಡಿದೆ.

“ಅದರಲ್ಲಿ ಇಲ್ಲ,” ಅಂದರು ಅಜ್ಜಿ. “ನಾನೇ ಬೇಡ ಅಂದೆ. ಅವಳ ತಪ್ಪಲ್ಲ.”

ಅವನು ಅವರ ಭುಜ ಮುಟ್ಟಿ ಕಾಫಿಯ ಕಡೆ ಹೋದ. ಅಜ್ಜಿ ಪುಸ್ತಕ ಮಡಚಿ ಕೈಚೀಲಕ್ಕೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗದೆ, ಬೇರೆ ಯಾರಿಗೂ ಕೇಳದ ಹಾಗೆ, “ಬೇಡ ಅಂದಿದ್ದು ನಿಜ,” ಅಂದರು. “ಒಂದೇ ಸಲ ಅಂದಿದ್ದೆ.”