ಬೂಟು ಹಾಕಿದ ಅಕ್ಷರ

ಮೊನ್ನೆ ಯಲಹಂಕದಲ್ಲಿ ಬಸ್ಸಿನಿಂದ ಇಳಿದವಳು ರಸ್ತೆ ದಾಟುವುದನ್ನೇ ಮರೆತು ನಿಂತುಬಿಟ್ಟೆ. ಎದುರಿಗೆ ಹೊಸದೊಂದು ಅಂಗಡಿ, ಮೇಲೆ ‘ಬಾದಾಮಿ ಹಾಲು’ ಎಂಬ ಬೋರ್ಡು. ನೀವಾಗಿದ್ದರೆ ಹಾಲು ಕುಡಿದು ನಿಮ್ಮ ದಾರಿ ಹಿಡಿಯುತ್ತಿದ್ದಿರಿ. ನನಗೆ ಕಂಡದ್ದು ಅಕ್ಷರ. ಅಲ್ಲಿನ ಕನ್ನಡ ಅಕ್ಷರಗಳು ಬೂಟು ಹಾಕಿಕೊಂಡಿದ್ದವು.

ಬೂಟೆಂದರೇನು ಹೇಳುತ್ತೇನೆ, ತಾಳಿ. ಇಂಗ್ಲಿಷಿನಲ್ಲಿ ಒಂದು ಬಗೆಯ ಅಕ್ಷರವಿದೆ. ದಪ್ಪ ಕಾಲು, ಕಾಲಿನ ತುದಿಗೆ ಇಟ್ಟಿಗೆ ಇಟ್ಟಂಥ ಚಪ್ಪಟೆ ಪಟ್ಟಿ, ಮೈತುಂಬ ಹೂಬಳ್ಳಿ. ಸರ್ಕಸ್ಸಿನ ಪೋಸ್ಟರುಗಳಲ್ಲಿ ನೋಡಿರುತ್ತೀರಿ. ಅದಕ್ಕೆ ಏನೋ ದೊಡ್ಡ ಹೆಸರಿತ್ತು, ನನ್ನ ನಾಲಿಗೆಗೆ ಹೊರಳಲಿಲ್ಲ. ಆರ್.ಟಿ. ನಗರದಲ್ಲಿ ನಾನು ಕೆಲಸಕ್ಕಿದ್ದ ಡಿಟಿಪಿ ಅಂಗಡಿಯಲ್ಲಿ ಅದು ಬರೀ ‘ಬೂಟಕ್ಷರ’. ಹಾಗೆ ಹೆಸರಿಟ್ಟವಳು ನಸ್ರೀನ್, ನನ್ನ ಪಕ್ಕದ ಕಂಪ್ಯೂಟರಿನಲ್ಲಿ ಕೂರುತ್ತಿದ್ದ ಗೆಳತಿ.

ಜಿಮ್ಮಿನ ಕರಪತ್ರವೋ, ಕ್ರಿಕೆಟ್ ಟೂರ್ನಮೆಂಟಿನ ಬ್ಯಾನರೋ, ಬಿರಿಯಾನಿ ಹೋಟೆಲಿನ ಮೆನುವೋ ಬಂತೆಂದರೆ ಅವಳ ಕೈ ಬೂಟಕ್ಷರಕ್ಕೇ ಹೋಗುತ್ತಿತ್ತು. “ಇದು ಪಿಸುಗುಟ್ಟೋ ಅಕ್ಷರ ಅಲ್ಲ ಕಣೇ, ಕೂಗೋ ಅಕ್ಷರ. ಎರಡು ಪದ ಕೂಗ್ಸು, ಸಾಕು” ಎನ್ನುತ್ತಿದ್ದಳು. ನನಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಒಮ್ಮೆ ಯಾರದೋ ವೈಕುಂಠ ಸಮಾರಾಧನೆಯ ಇಂಗ್ಲಿಷ್ ಕಾರ್ಡನ್ನು ಪೂರ್ತಿ ಬೂಟಕ್ಷರದಲ್ಲೇ ಮಾಡಿಟ್ಟೆ. ನಸ್ರೀನ್ ಬಗ್ಗಿ ನೋಡಿ, “ಯಾ ಅಲ್ಲಾ! ತಾತ ಸರ್ಕಸ್ ಮಾಡ್ಕೊಂಡು ಸ್ವರ್ಗಕ್ಕೆ ಹೋದ್ರೇನೇ?” ಎಂದಳು. ನಕ್ಕೂ ನಕ್ಕೂ ನಮ್ಮಿಬ್ಬರ ಕಣ್ಣಲ್ಲೂ ನೀರು. ಆಮೇಲೆ ಅವಳೇ ಕೂತು ತೆಳ್ಳನೆಯ ಅಕ್ಷರದಲ್ಲಿ ಅದನ್ನು ಮತ್ತೆ ಮಾಡಿಕೊಟ್ಟಳು.

ಮನೆಯಲ್ಲಿ ದಖನಿ ಮಾತಾಡುತ್ತಿದ್ದ ಅವಳಿಗೆ ಕನ್ನಡ ಅಕ್ಷರವೆಂದರೆ ನನಗಿಂತ ಹೆಚ್ಚು ಮುದ್ದು. ಒಂದು ದಿನ ಊಟದ ಡಬ್ಬಿ ಮುಚ್ಚುತ್ತಾ, “ನಮ್ ಕನ್ನಡಕ್ಕೆ ತಲೆಕಟ್ಟಿದೆ, ಕಾಲಿಗ್ ಮಾತ್ರ ಏನೂ ಇಲ್ಲ. ಪಾಪ, ಬರಿಗಾಲಲ್ಲಿ ಓಡಾಡ್ತಿದಾವೆ. ಬೂಟ್ ಹಾಕ್ಸೋಣ ಕಣೇ” ಎಂದಳು. ಅಂದಿನಿಂದ ಊಟವಾದ ಮೇಲೆ ಅದೇ ಕೆಲಸ. ಕೆಟ್ಟುಹೋದ ಮದುವೆ ಕಾರ್ಡುಗಳ ಬೆನ್ನಿನ ಮೇಲೆ ಅವಳು ಬರೆಯುವುದು, ನಾನು ಮಸಿ ತುಂಬುವುದು. ‘ಗ’ಕ್ಕೆ ಎರಡು ಕಾಲು, ಬೂಟು ಸಲೀಸಾಗಿ ಹಿಡಿಯಿತು. ತೊಂದರೆ ಕೊಟ್ಟದ್ದು ‘ಬ’ ಮತ್ತು ‘ದ’. ದುಂಡು ಹೊಟ್ಟೆಯ ಕೆಳಗೆ ನಡುಮಧ್ಯೆ ಬೂಟು ಅಂಟಿಸಿದರೆ, ಶಾಲೆಯಲ್ಲಿ ಮೇಷ್ಟ್ರು ಮಹಾಪ್ರಾಣಕ್ಕೆ ಹೊಟ್ಟೆ ಸೀಳಲು ಹೇಳಿಕೊಟ್ಟ ಹಾಗೆಯೇ ಆಗಿ, ‘ಬ’ ಹೋಗಿ ‘ಭ’, ‘ದ’ ಹೋಗಿ ‘ಧ’!

ಇದು ನಮಗೆ ಗೊತ್ತಾದದ್ದು, ಆ ಅಕ್ಷರಗಳನ್ನು ಸ್ಕ್ಯಾನ್ ಮಾಡಿ ಒಂದು ಕರಪತ್ರಕ್ಕೆ ಹಾಕಿ, ಅದು ಅಚ್ಚಾದ ಮೇಲೆ. ಹೋಟೆಲಿನವರೊಬ್ಬರು ಕರಪತ್ರ ಹಿಡಿದು ಬಂದು, “ಏನ್ರಮ್ಮಾ ಇದು, ‘ಭಿಸಿ ಭಿಸಿ ಧೋಸೆ’ ಅಂತೆ! ಓದೋಷ್ಟರಲ್ಲೇ ಉಸಿರು ಹೋಗುತ್ತೆ, ಇನ್ನು ತಿನ್ನೋದ್ ಯಾವಾಗ?” ಎಂದರು. ಅಂಗಡಿಯ ಯಜಮಾನರು ನಮ್ಮಿಬ್ಬರಿಗೂ ಚೆನ್ನಾಗಿ ಮಂಗಳಾರತಿ ಎತ್ತಿದರು. ನಸ್ರೀನ್ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದವಳು, ಅವರು ಆಚೆ ಹೋದದ್ದೇ ತಡ, “ಭಾರೇ, ಧಾಹ ಆಗ್ತಿದೆ, ಟೀ ಕುಡಿಯೋಣ” ಎಂದಳು.

ಮಿಕ್ಕ ಅಕ್ಷರಗಳೆಲ್ಲ ಒಂದು ಹದಕ್ಕೆ ಬರುವ ಹೊತ್ತಿಗೆ ಅವಳ ಮದುವೆ ಗೊತ್ತಾಯಿತು. ಗಂಡನ ಕೆಲಸ ಸೌದಿಯ ದಮ್ಮಾಮಿನಲ್ಲಿ. ಹೊರಡುವ ಮುಂಚೆ ಅಂಗಡಿಗೆ ಬಂದು ನನ್ನ ಕೈ ಹಿಡಿದುಕೊಂಡು, “ಬ, ದ ಎರಡನ್ನೂ ನೀನು ಮುಟ್ಬೇಡ. ನಾನ್ ಬಂದ್ಮೇಲೆ ಇಬ್ರೂ ಸೇರಿ ಮಾಡೋಣ” ಎಂದಳು. ಮೊದಮೊದಲು ಫೋನು ಬರುತ್ತಿತ್ತು. ಆಮೇಲೆ ಹಬ್ಬಕ್ಕೊಂದು. ಆಮೇಲೆ ಅವಳ ನಂಬರು ಬದಲಾಯಿತು, ಅವಳ ತಾಯಿಯೂ ಆರ್.ಟಿ. ನಗರದ ಮನೆ ಬಿಟ್ಟರು. ಎಲ್ಲಿಗೆ ಹೋದರೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಎರಡು ಅಕ್ಷರವನ್ನು ನಾನು ಮುಟ್ಟಲಿಲ್ಲ. ನನಗೆ ಅವಳ ಹಾಗೆ ಬರೆಯಲು ಬಾರದು, ಅದೊಂದು. ನಿಜವಾದ ಕಾರಣ ಬೇರೆ. ಕೆಲಸ ಬಾಕಿ ಇದೆಯಲ್ಲ, ಹಾಗಾಗಿ ಅವಳು ಬಂದೇ ಬರುತ್ತಾಳೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ನಗಬೇಡಿ.

ಮೊನ್ನೆಯ ಬೋರ್ಡಿನಲ್ಲಿ ಬೂಟು ನಡುವಿನಲ್ಲಿರಲಿಲ್ಲ. ಹೊಟ್ಟೆಯ ಎರಡು ಪಕ್ಕಕ್ಕೂ ಸರಿದು ಕೂತಿತ್ತು. ‘ಬ’ ‘ಬ’ವಾಗಿಯೇ ಇತ್ತು, ‘ದ’ ‘ದ’ವಾಗಿಯೇ ಇತ್ತು. ಅವಳೇ ಇರಬೇಕು, ಊರಿಗೆ ಬಂದಿರಬೇಕು! ಓಡಿಹೋಗಿ, “ಈ ಬೋರ್ಡ್ ಬರ್ದಿದ್ದು ಯಾರು?” ಎಂದು ಕೇಳಿದೆ.

“ಬರ್ದಿದ್ದಲ್ಲ ಮೇಡಂ, ಫಾಂಟು. ಕಂಪ್ಯೂಟರಲ್ಲಿ ರೆಡಿ ಸಿಗುತ್ತೆ. ಯಾರೋ ಪುಣೆ ಹುಡುಗ ಮಾಡಿರೋದಂತೆ. ಒಂದು ಹಾಲ್ ಕೊಡ್ಲಾ?”

ಕೊಡಿ ಎಂದೆ. ಲೋಟ ಹಿಡಿದು ಆಚೆ ಬಂದು ಮತ್ತೆ ಆ ಬೋರ್ಡನ್ನೇ ನೋಡುತ್ತಾ ನಿಂತೆ. ನಮ್ಮ ಬಾಕಿ ಕೆಲಸವನ್ನು ಯಾರೋ ಮುಗಿಸಿಬಿಟ್ಟಿದ್ದಾರೆ, ನಸ್ರೀನ್. ಇನ್ನು ನೀನು ಬರಲು ನೆಪವೇನೂ ಉಳಿದಿಲ್ಲ. ಸುಮ್ಮನೆ ಬಾ.