ನಾರಿನ ಚೆಂಡು, ನಮ್ಮಜ್ಜಿಯ ಸುಳ್ಳು

ಎಂಬತ್ತೆಂಟು ತುಂಬಿದ ಮೇಲೆ ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಒಪ್ಪಿಕೊಂಡುಬಿಡುತ್ತೇನೆ: ಫುಟ್‌ಬಾಲಿನಲ್ಲಿ ಆಫ್‌ಸೈಡ್ ಎಂದರೆ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮೊಮ್ಮಗಳು ಮೂರು ಸಲ ವಿವರಿಸಿದ್ದಾಳೆ. ಒಮ್ಮೆಯಂತೂ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯನ್ನು ಗೋಲ್‌ಕೀಪರ್ ಮಾಡಿ, ನಾಲ್ಕು ಚಮಚಗಳನ್ನು ಆಟಗಾರ್ತಿಯರನ್ನಾಗಿ ನಿಲ್ಲಿಸಿ ತೋರಿಸಿದಳು. ನಾನು ಹ್ಞೂಂ ಹ್ಞೂಂ ಎಂದು ತಲೆಯಾಡಿಸಿ, ಕೊನೆಗೆ ಗೋಲ್‌ಕೀಪರಿನಿಂದ ಎರಡು ಹೋಳು ಬಡಿಸಿಕೊಂಡೆ. ನಲವತ್ತು ವರ್ಷ ಮೇಷ್ಟ್ರಮ್ಮನಾಗಿದ್ದವಳಿಗೆ ದಡ್ಡ ವಿದ್ಯಾರ್ಥಿಯಾಗುವುದರಲ್ಲಿ ಒಂದು ಸುಖವಿದೆ. ಆದರೂ ದೇಶದ ಹೆಂಗಸರ ದೊಡ್ಡ ಲೀಗಿನ ಪಂದ್ಯ ಅವಳ ಫೋನಿನಲ್ಲಿ ಬಂದರೆ, ಕನ್ನಡಕ ಒರೆಸಿಕೊಂಡು ನಾನೂ ಪಕ್ಕದಲ್ಲಿ ಕೂತುಬಿಡುತ್ತೇನೆ.

ಈ ಲೀಗಿಗೆ ವಯಸ್ಸು ಹೆಚ್ಚಿಲ್ಲ. ಗಂಡಸರ ಲೀಗುಗಳು ಬಂದು, ಹೆಸರು ಬದಲಿಸಿ, ಅಂಗಿ ಬದಲಿಸಿ, ಎಷ್ಟೋ ಕಾಲ ಕಳೆದ ಮೇಲೆ ‘ಓಹೋ, ಹೆಂಗಸರೂ ಇದ್ದಾರಲ್ಲ’ ಎಂದು ಯಾರಿಗೋ ನೆನಪಾಗಿ ಶುರು ಮಾಡಿದ್ದು. ವಿಲಾಯಿತಿಯವರ ಕತೆ ಇನ್ನೂ ಚೆನ್ನಾಗಿದೆ. ಮೊದಲನೇ ಮಹಾಯುದ್ಧದಲ್ಲಿ ಗಂಡಸರೆಲ್ಲ ರಣರಂಗಕ್ಕೆ ಹೋದಾಗ, ಮದ್ದುಗುಂಡಿನ ಕಾರ್ಖಾನೆಯ ಹೆಂಗಸರು ಬಿಡುವಿನಲ್ಲಿ ಫುಟ್‌ಬಾಲ್ ಆಡಿದರಂತೆ, ಜನ ಮುಗಿಬಿದ್ದು ನೋಡಿದರಂತೆ. ಯುದ್ಧ ಮುಗಿದು ಕೆಲವು ವರ್ಷಕ್ಕೆ ದೊಡ್ಡ ಮನುಷ್ಯರು ಸಭೆ ಸೇರಿ, ಈ ಆಟ ಹೆಂಗಸರ ಮೈಗೆ ಒಗ್ಗುವುದಿಲ್ಲ ಎಂದು ತೀರ್ಮಾನಿಸಿ, ಯಾವ ಮೈದಾನವನ್ನೂ ಅವರಿಗೆ ಕೊಡಕೂಡದು ಅಂದರು. ಆ ಬಾಗಿಲು ಅರ್ಧ ಶತಮಾನ ತೆರೆಯಲಿಲ್ಲ. ಸಿಡಿಮದ್ದು ತುಂಬುವುದಕ್ಕೆ ಒಗ್ಗಿದ ಮೈ ಚೆಂಡು ಒದೆಯುವುದಕ್ಕೆ ಒಗ್ಗಲಿಲ್ಲವಂತೆ, ನೋಡಿ!

ಫೋನಿನೊಳಗೆ ವಿವರಣೆ ಕೊಡುವವನು ಮಾತಿಗೊಂದು ಸಲ ‘ಮೊಟ್ಟಮೊದಲು, ಮೊಟ್ಟಮೊದಲು’ ಎನ್ನುತ್ತಾನೆ. ಆಗೆಲ್ಲ ನನಗೆ ಕೆಮ್ಮು ಬರುತ್ತದೆ. ಯಾಕೆಂದರೆ ಎರಡನೇ ಯುದ್ಧದ ಕಾಲದಲ್ಲಿ, ಅರಸೀಕೆರೆಯ ರೈಲ್ವೆ ಮೈದಾನದಲ್ಲಿ, ಲಂಗವನ್ನು ಕಚ್ಚೆ ಕಟ್ಟಿಕೊಂಡು ನಾನೂ ಒಂದು ಪಂದ್ಯ ಆಡಿದ್ದೇನೆ. ಒಂದೇ ಒಂದು. ಅದು ಯಾವ ಪುಸ್ತಕದಲ್ಲೂ ಇಲ್ಲ.

ಇದಕ್ಕೆಲ್ಲ ಮೂಲ ನಮ್ಮ ಹೆಣ್ಣುಮಕ್ಕಳ ಸ್ಕೂಲಿಗೆ ಮೈಸೂರಿನಿಂದ ಬಂದ ಗ್ರೇಸಮ್ಮ ಎಂಬ ಹೆಡ್‌ಮಿಸ್ಟ್ರೆಸ್. ಹುಡುಗಿಯರು ಓಡಬೇಕು, ಬೆವರಬೇಕು ಎಂಬುದು ಆಕೆಯ ಹಟ. ಒಂದು ಸಲ ನಮ್ಮನ್ನೆಲ್ಲ ಇದ್ದಿಲು ಬಸ್ಸಿನಲ್ಲಿ ತುಂಬಿಕೊಂಡು ಹಳೇಬೀಡು, ಬೇಲೂರಿಗೆ ಕರೆದುಕೊಂಡು ಹೋಗಿದ್ದರು. ಆಗ ಪೆಟ್ರೋಲಿಗೆ ಬರ, ಬಸ್ಸಿನ ಹಿಂದೆ ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯಲ್ಲಿ ಓಡಿಸುತ್ತಿದ್ದರು. ಜಾವಗಲ್ಲಿನ ಹತ್ತಿರ ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು. ಬೇಲೂರಿನ ಗುಡಿಯಲ್ಲಿ ಕತ್ತೆತ್ತಿ ನೋಡುತ್ತಾ ಹೋದೆವು: ಕನ್ನಡಿ ಹಿಡಿದವಳು, ಬೇಟೆಗೆ ಹೊರಟವಳು, ಮದ್ದಳೆ ಬಾರಿಸುವವಳು. ‘ಚೆಂಡು ಆಡೋಳು ಎಲ್ಲಿ ಮೇಡಂ?’ ಎಂದು ನಾನು ಕೇಳಿದೆ. ಗ್ರೇಸಮ್ಮ ಬಹಳ ಹೊತ್ತು ಹುಡುಕಿದರು. ಕೊನೆಗೆ, ‘ಕೆತ್ತೋಕೆ ಕೂತಿದ್ದಾಗ ಅವಳು ಆಡೋಕೆ ಹೋಗಿದ್ದಳು ಅನ್ಸುತ್ತೆ’ ಎಂದರು. ಆ ಮಾತಿಗೆ ನಾನು ಅವರ ಭಕ್ತೆಯಾದೆ.

ನಮಗೆ ಚೆಂಡು ಸಿಕ್ಕಿದ ಬಗೆ ಕೇಳಿ. ರೈಲ್ವೆ ಕ್ವಾರ್ಟರ್ಸಿನ ಒಬ್ಬ ಎಂಜಿನ್ ಡ್ರೈವರು ಹಳೇ ಫುಟ್‌ಬಾಲಿನ ತೊಗಲು ಕೊಟ್ಟ. ಒಳಗಿನ ರಬ್ಬರ್ ಬ್ಲಾಡರ್ ಒಡೆದುಹೋಗಿತ್ತು, ಊರಿನಲ್ಲಿ ಇನ್ನೊಂದು ಸಿಗುವ ಹಾಗಿರಲಿಲ್ಲ, ರಬ್ಬರೆಲ್ಲ ಯುದ್ಧಕ್ಕೆ ಹೋಗುತ್ತಿತ್ತು. ಅರಸೀಕೆರೆಯವರು ಅದಕ್ಕೆಲ್ಲ ಹೆದರುತ್ತಾರೆಯೇ? ನಮ್ಮಲ್ಲಿ ಯಾವುದಕ್ಕೆ ಬರ ಬಂದರೂ ತೆಂಗಿನಕಾಯಿಯ ಮಟ್ಟೆಗೆ ಬರವಿಲ್ಲ. ನಾರು ಬಡಿದು, ತೊಗಲಿನೊಳಗೆ ಗಿಡಿದು, ಬಾಯಿ ಹೊಲಿದೆವು. ತಲೆದಿಂಬು ತುಂಬಿ ಅಭ್ಯಾಸವಿದ್ದ ಕೈಗಳು, ಮೆತ್ತಗಿದ್ದರೆ ಚೆನ್ನಾಗಿರುವುದಿಲ್ಲವೆಂದು ಹಿಡಿಹಿಡಿಯಾಗಿ ತುರುಕಿಬಿಟ್ಟವು. ಚೆಂಡು ಕಲ್ಲಾಯಿತು. ಮೇಲಿಂದ ಬಿಟ್ಟರೆ ದೊಪ್ಪನೆ ಬಿದ್ದು ಅಲ್ಲೇ ಕೂರುತ್ತಿತ್ತು. ಚೆಂಡು ಪುಟಿಯಬೇಕು ಎಂಬ ಸಂಗತಿ ನಮಗೆ ಗೊತ್ತೇ ಇರಲಿಲ್ಲ. ನೆಲ ಬಿಟ್ಟು ಏಳದ ಆ ಚೆಂಡನ್ನು ಬರಿಗಾಲಿನಲ್ಲಿ ಉರುಳಿಸಿ ಉರುಳಿಸಿ, ಇದೇ ಫುಟ್‌ಬಾಲು ಎಂದು ಆರು ತಿಂಗಳು ಕಲಿತೆವು. ಆಮೇಲೆ ಗ್ರೇಸಮ್ಮ ರೈಲ್ವೆ ಕ್ವಾರ್ಟರ್ಸಿನ ಹುಡುಗಿಯರ ಜೊತೆ ಶನಿವಾರಕ್ಕೆ ಒಂದು ಮ್ಯಾಚು ಗೊತ್ತುಮಾಡಿದರು.

ಆ ಶನಿವಾರಕ್ಕೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ ಬಚ್ಚಲುಮನೆಯಲ್ಲಿ, ನಾನು ದೊಡ್ಡವಳಾದೆ.

ಇದರಲ್ಲಿ ಅಳುವುದೇನಿದೆ ಎಂದು ಈಗಿನವರು ಕೇಳಬಹುದು. ನಮ್ಮದು ತೆಂಗು, ರಾಗಿ ಬೆಳೆಯುವ ಒಕ್ಕಲುಮನೆ. ಹುಡುಗಿ ದೊಡ್ಡವಳಾದರೆ ಸೋದರಮಾವ ಹಸಿ ಸೋಗೆ ತಂದು ಗುಡ್ಲು ಹಾಕುತ್ತಾನೆ, ಅವಳನ್ನು ಅದರಲ್ಲಿ ಕೂರಿಸುತ್ತಾರೆ, ಆರತಿ, ಚಿಗಳಿ, ಹಾಡು, ಎಲ್ಲಾ ಆಗುತ್ತದೆ. ಅದಕ್ಕೆ ಒಸಗೆ ಎನ್ನುತ್ತಾರೆ. ಒಸಗೆಯಾದ ಹುಡುಗಿ ಮತ್ತೆ ಸ್ಕೂಲಿನ ಕಡೆ ತಲೆ ಹಾಕುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ನಮ್ಮಕ್ಕ ಭಾಗಾಕಾರ ಕಲಿಯುತ್ತಿದ್ದಾಗ ಒಸಗೆಯಾಯಿತು, ಸಾಯುವವರೆಗೂ ಅವಳಿಗೆ ಭಾಗಾಕಾರ ಬರಲಿಲ್ಲ. ನನ್ನ ಮ್ಯಾಚೂ ಹೋಯಿತು, ಮುಂದಿನ ವರ್ಷದ ಲೋಯರ್ ಸೆಕೆಂಡರಿ ಪರೀಕ್ಷೆಯೂ ಹೋಯಿತು ಎಂದು ನಾನು ಬಿಕ್ಕುತ್ತಿದ್ದಾಗ, ಹಂಡೆಯ ಒಲೆಗೆ ಸೌದೆ ಹಾಕುತ್ತಿದ್ದ ಅಜ್ಜಿ ತಿರುಗಿ ನೋಡಿದಳು. ನೋಡಿದ ಕೂಡಲೇ ಅವಳಿಗೆ ಎಲ್ಲ ಗೊತ್ತಾಯಿತು.

ಅಜ್ಜಿ ನನ್ನ ಅಪ್ಪನ ತಾಯಿ. ಮಡಿ ಮೈಲಿಗೆಯಲ್ಲಿ ಅವಳನ್ನು ಮೀರಿಸಿದವರು ಆ ಬೀದಿಯಲ್ಲಿ ಇರಲಿಲ್ಲ. ಸೊಸೆಯ ಸೆರಗು ಗಾಳಿಗೆ ಹಾರಿ ಮುಟ್ಟಿದ್ದಕ್ಕೆ ಮತ್ತೆ ತಲೆಗೆ ನೀರು ಹಾಕಿಕೊಂಡವಳು. ಮುಗಿಯಿತು ನನ್ನ ಕತೆ ಅಂದುಕೊಂಡೆ.

‘ಅಳಬ್ಯಾಡ, ಬಾಯ್ಮುಚ್ಚು. ಯಾಕ್ ಅಳ್ತೀಯ?’

‘ಶನಿವಾರ ಮ್ಯಾಚ್ ಐತೆ ಅಜ್ಜಿ...’

ಅಜ್ಜಿ ಬಾಗಿಲ ಕಡೆ ನೋಡಿದಳು. ಒಲೆಯ ಕಡೆ ನೋಡಿದಳು. ಬೆರಳು ಮಡಿಸಿ ಏನೋ ಎಣಿಸಿದಳು. ಆಮೇಲೆ ಎದ್ದು ಹೋಗಿ ಅವ್ವನಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: ‘ಅಟ್ಟುದ್ ಮ್ಯಾಲೆ ಕಾಯಿಗೆ ಇಲಿ ಕಾಟ ಜಾಸ್ತಿ ಆಗೈತೆ. ಈ ಮಗೀನ ಮೂರ್ ದಿನ ಅಲ್ಲೇ ಕಾವ್ಲಿಗೆ ಕೂರುಸ್ತೀನಿ. ಯಾರೂ ಮ್ಯಾಕ್ ಅತ್ಬ್ಯಾಡ್ರಿ, ಇಲಿ ಬೆದುರ್ಕಂಡು ಓಡೋಯ್ತವೆ.’

ಇಲಿ ಓಡಿಹೋಗುವುದೇ ಅಲ್ಲವೇ ಕಾವಲಿನ ಉದ್ದೇಶ ಎಂದು ಅವ್ವ ಕೇಳಬಹುದಿತ್ತು. ಅತ್ತೆಯನ್ನು ಹಾಗೆಲ್ಲ ಕೇಳುವ ಕಾಲ ಅದಲ್ಲ.

ನಮ್ಮ ಕಡೆಯ ಕೊಬ್ಬರಿಯ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಬಲಿತ ಕಾಯಿಗಳನ್ನು ಅಟ್ಟದಲ್ಲಿ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಆಗ ಒಡೆದರೆ ಉಂಡೆ ಕೊಬ್ಬರಿ. ಮುಟ್ಟಾದವರ ನೆರಳು ಬಿದ್ದರೆ ಕೊಬ್ಬರಿ ಕೊಳೆಯುತ್ತದೆ ಎಂಬುದು ನಮ್ಮ ಮನೆಯ ನಂಬಿಕೆ, ಅದನ್ನು ಎಲ್ಲರಿಗೂ ಹೇಳಿಕೊಟ್ಟವಳೂ ಅಜ್ಜಿಯೇ. ಅಂಥವಳು ನನ್ನನ್ನು ಕೈಹಿಡಿದು ಅಟ್ಟ ಹತ್ತಿಸಿ, ವರ್ಷದ ಫಸಲಿನ ನಡುವೆ ಚಾಪೆ ಹಾಸಿ ಕೂರಿಸಿದಳು. ಕೆಳಗಿಳಿದು ದೇವರಮನೆಯ ಮುಂದೆ ನಿಂತು, ‘ಪಾಪ ಬಂದ್ರೆ ನನ್ ತಲೆಗೆ ಬರ್ಲಪ್ಪಾ, ಮಗೀಗೆ ಬ್ಯಾಡ’ ಎಂದದ್ದು ಹಲಗೆಯ ಸಂದಿಯಿಂದ ಕೇಳಿಸಿತು. ಆಗ ನನಗೆ ನಿಜವಾಗಿ ಅಳು ಬಂತು.

ಶನಿವಾರ ಬಂತು. ತಲೆಗೆ ನೀರು ಹಾಕಿಸಿ, ಜಡೆ ಬಿಗಿಯಾಗಿ ಹೆಣೆದು ಅಜ್ಜಿಯೇ ಕಳಿಸಿದಳು. ರೈಲ್ವೆ ಹುಡುಗಿಯರು ಕಾಲಿಗೆ ಬೂಟು ಹಾಕಿದ್ದರು, ಅವರ ಚೆಂಡಿನಲ್ಲಿ ಗಾಳಿಯಿತ್ತು. ಮೊದಲ ಸಲ ಅದು ನೆಲಕ್ಕೆ ಬಿದ್ದು ಪುಟಿದು ನಮ್ಮ ತಲೆಯ ಮೇಲೆ ಹಾರಿಹೋದಾಗ ನಾವೆಲ್ಲ ಬಾಯಿ ತೆರೆದು ಆಕಾಶ ನೋಡುತ್ತಾ ನಿಂತೆವು. ಗೋಲಿನಲ್ಲಿದ್ದ ಪುಟ್ಟಲಕ್ಷ್ಮಿ ‘ಅಯ್ಯಯ್ಯೋ, ದೆವ್ವ ಹೊಕ್ಕೈತೆ ಕಣ್ರೇ’ ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅರ್ಧ ಆಟಕ್ಕೆ ನಾಲ್ಕು ಗೋಲು ತಿಂದಿದ್ದೆವು. ಗ್ರೇಸಮ್ಮ ಹೋಗಿ ಮಾತಾಡಿದರು: ಒಂದರ್ಧ ನಿಮ್ಮ ಚೆಂಡಿನಲ್ಲಿ ಆಡಿದ್ದಾಯಿತು, ಇನ್ನರ್ಧ ನಮ್ಮದರಲ್ಲಿ ಆಗಲಿ. ನ್ಯಾಯವಾದ ಮಾತು. ಎದುರಾಳಿಗಳ ನಾಯಕಿ ಓಡಿಬಂದು ನಾರಿನ ಚೆಂಡಿಗೆ ಬಲವಾಗಿ ಒದ್ದಳು, ಚೆಂಡು ಎರಡು ಗಜ ಹೋಯಿತು, ಅವಳು ಕಾಲು ಹಿಡಿದುಕೊಂಡು ಕೂತಳು. ನಮ್ಮ ಬರಿಗಾಲುಗಳಿಗೆ ಅದು ಹಳೇ ಪರಿಚಯ. ಉರುಳಿಸಿಕೊಂಡು ಹೋಗಿ ಎರಡು ಗೋಲು ಹಾಕಿದೆವು, ಒಂದು ನನ್ನದು. ನಾಲ್ಕು ಎರಡರಲ್ಲಿ ಸೋತೆವು. ಸೋತೆವೆಂದು ಮನೆಗೆ ಬರುವ ದಾರಿಯಲ್ಲಿ ಯಾರಿಗೂ ಅನ್ನಿಸಲಿಲ್ಲ.

ಅಂದು ಸಂಜೆಯೇ ಅಜ್ಜಿ ವಿಷಯ ಹೊರಹಾಕುತ್ತಾಳೆಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವಳು ಮಾತೇ ಎತ್ತಲಿಲ್ಲ. ಮರುದಿನವೂ ಇಲ್ಲ. ನಾನೇ ತಡೆಯಲಾರದೆ, ‘ಅಜ್ಜಿ, ಹೇಳ್ಬಿಡಾಕಿಲ್ವಾ?’ ಎಂದು ಪಿಸುಗುಟ್ಟಿದೆ.

‘ಕಾಯಿ ಕೊಬ್ಬರಿಯಾಗಾಕೇ ಒಂದ್ ವರ್ಷ ಬೇಕು. ನಿಂಗೇನ್ ಅರ್ಜೆಂಟು? ಹೋಗು, ಓದ್ಕಾ ಹೋಗು’ ಎಂದಳು.

ಆಮೇಲೆ ತಿಂಗಳಿಗೊಮ್ಮೆ ನಮ್ಮ ಅಟ್ಟಕ್ಕೆ ತಪ್ಪದೆ ಇಲಿ ಬಂದವು. ಮೂರು ದಿನ ನಾನು ಕಾಯಿಗಳ ನಡುವೆ ಕೂತು ಭೂಗೋಳ ಬಾಯಿಪಾಠ ಮಾಡಿದೆ. ಪರೀಕ್ಷೆ ಬರೆದೆ, ಪಾಸಾದೆ. ಮುಂದೆ ನನಗೆ ಸ್ಕೂಲಿನಲ್ಲಿ ಕೆಲಸ ಸಿಕ್ಕಿದ್ದು, ನನ್ನ ಕಾಲ ಮೇಲೆ ನಾನು ನಿಂತದ್ದು ಎಲ್ಲವೂ ಆ ಒಂದು ಸರ್ಟಿಫಿಕೇಟಿನಿಂದ. ಆ ವರ್ಷದ ಕಾಯಿ ಒಡೆದಾಗ ಅಜ್ಜಿ ಒಂದೊಂದು ಉಂಡೆಯನ್ನೂ ಮೂಸಿ ನೋಡಿದಳು. ‘ಒಂದೂ ಕೊಳ್ತಿಲ್ಲ’ ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು. ಅರವತ್ತು ವರ್ಷ ನಂಬಿದ್ದನ್ನು ನನಗಾಗಿ ಪಣಕ್ಕಿಟ್ಟವಳು ಅವಳು.

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ಬಚ್ಚಲಿನಿಂದ ಕೂಗಿಕೊಂಡು ಬಂದು ಶುಭಸುದ್ದಿ ಸಾರಿದಳು. ಮಾವ ಸೋಗೆ ತಂದ, ಗುಡ್ಲು ಎದ್ದಿತು. ‘ತಡವಾಯ್ತಲ್ವಾ ಅಜ್ಜಮ್ಮ?’ ಎಂದ ನೆರೆಮನೆಯವಳಿಗೆ, ‘ನಮ್ ವಂಶುದಾಗೆ ಎಲ್ರುದೂ ತಡವೇ ಕಣವ್ವ’ ಎಂದು ಕಣ್ಣು ಮಿಟುಕಿಸದೆ ಉತ್ತರ ಕೊಟ್ಟಳು.

ಒಸಗೆಯೆಲ್ಲ ಮುಗಿದ ಮರುದಿನ ಮಧ್ಯಾಹ್ನ, ಮನೆಮಂದಿ ಉಂಡು ಮಲಗಿದ್ದಾಗ, ಹಿತ್ತಲಿನಲ್ಲಿ ಅಜ್ಜಿಯ ಪಕ್ಕ ಕೂತು ಕೇಳಿದೆ: ‘ಯಾಕಜ್ಜಿ ಅಷ್ಟೊಂದ್ ಸುಳ್ಳು ಹೇಳ್ದೆ?’

ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಹೇಳಿದಳು: ‘ನಂಗೆ ಒಂಬತ್ ವರ್ಷ. ಕುಂಟೆಬಿಲ್ಲೆ ಆಡ್ತಿದ್ದೆ. ನಾಕ್ ಮನೆ ಗೆದ್ದಿದ್ದೆ, ಐದ್ನೇ ಮನೆಗೆ ಬಿಲ್ಲೆ ಎಸೀಬೇಕು, ಕೈಯೆತ್ತಿದ್ದೆ ಕಣೇ. ಬಂದು ಎತ್ಕೊಂಡೋಗಿ ಹಸೆಮಣೆ ಮ್ಯಾಲೆ ಕೂರುಸ್ಬುಟ್ರು. ಬಿಲ್ಲೆ ಕೈಯಾಗೇ ಇತ್ತು.’

ನಾನು ಎದ್ದೆ. ಒಂದು ಕಡ್ಡಿ ತೆಗೆದುಕೊಂಡು ಹಿತ್ತಲ ನೆಲದ ಮೇಲೆ ಕುಂಟೆಬಿಲ್ಲೆಯ ಮನೆಗಳನ್ನು ಬರೆದೆ. ಒಡೆದ ಹೆಂಚಿನ ಚೂರು ತಂದು ಅಜ್ಜಿಯ ಕೈಗೆ ಕೊಟ್ಟೆ. ‘ಥೂ, ಹುಚ್ಚುಮುಂಡೆ’ ಎಂದು ಬೈದು, ಅಜ್ಜಿ ಒಮ್ಮೆ ಸುತ್ತಲೂ ನೋಡಿದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಐದನೇ ಮನೆಗೆ ಎಸೆದಳು, ಬಿಲ್ಲೆ ಸರಿಯಾಗಿ ನಡುವೆ ಬಿತ್ತು. ಆಮೇಲೆ ಒಂದು ಕಾಲೆತ್ತಿ, ಗೋಡೆ ಹಿಡಿದುಕೊಂಡು, ಉಸಿರು ಬಿಡುತ್ತಾ ನಗುತ್ತಾ ಕುಂಟುತ್ತಾ ಹೋದಳು.

ಬರುವಾಗ ಮೂರನೇ ಮನೆಯಲ್ಲಿ ಅವಳ ಕಾಲಿನ ಹೆಬ್ಬೆರಳು ಗೆರೆಯ ಮೇಲೆ ಬಿತ್ತು, ಗೆರೆ ತುಳಿದರೆ ಔಟು. ನನ್ನ ಕಣ್ಣಿಗೆ ಏನೂ ಕಾಣಿಸಲಿಲ್ಲ.